ಗೇರಿನ ಕಡ್ಡಿಗೆ ಕುಂಚಿಗಿ

ಖಂಡಪ್ಪ: ಕೆಟ್ಟದ ಅಂದ್ರ ಕೆಟ್ಟದ! ಕಾಲು ಗಿರಗಿರ ತಿರಗತಾವ, ಸೈಕಲ್ ಮಾತ್ರ ಹೆಣದ ಹಿಂದ ಮಂದಿ ಹೋದಂಗ ಹೋಗ್ತದ.

ನಿಂಬೆವ್ವ: ಕುಬಸದ ದಿನ ಬಾಯಾಗ ಎಂಥ ಮಾತು ಬರ್ತಾವರಿ ನಿಮಗ! ಬಿಡ್ತು ಅನ್ರಿ.

ಖಂಡಪ್ಪ: ಬಿಡ್ತು. ಮದಿವಿ ಮೆರವಣಿಗಿ ಹೋದಂಗ ಹೋಗ್ತದ. ಈಗರ ಜಲ್ದಿ ಹೋತೇನು?

ರಾಜೇಸಾಬ: ನಾ ಕೂಡಿಸಿದ ಗೇರು ಕೆಡೂದಿಲ್ರಿ ಮಾಸ್ತರ. ಕೆಟ್ಟದ ಅಂದ್ರ ತುಳಿಯಾವ ಕೆಟ್ಟಿರಬೇಕು.

ಅಫಜಲಪುರದ ಬಜಾರಿನ ಬಾಯಿಗೇ ರಾಜೇಸಾಬನ ಸೈಕಲ್ ಅಂಗಡಿ. ಅಂಗಡಿ ಎಂದರೆ ಒಂದು ಬೇವಿನ ಮರ, ಮರಕ್ಕೆ ನೇತುಬಿದ್ದ ನಾಲ್ಕು ಟಾಯರು, ಅದರ ಕೆಳಗೆ ರಾಜೇಸಾಬ. ಬೆಳಗಿನ ಏಳು ಗಂಟೆಗೇ ಅವನ ಮುಂದೆ ಬಂದು ನಿಂತವರು ಸರಕಾರಿ ಸಾಲಿಯ ಖಂಡಪ್ಪ ಮಾಸ್ತರರು. ಅವರ ಹೆಂಡತಿ ನಿಂಬೆವ್ವ ಮಡಿಲಲ್ಲಿ ಗಂಟು ಇಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದಳು. ಗಂಟಿನಲ್ಲಿ ಹಸಿರು ಸೀರೆ, ಹಸಿರು ಬಳೆ, ಒಂದು ಡಬ್ಬಿ ಶೇಂಗಾ ಉಂಡೆ. ಚೌಡಾಪುರದಲ್ಲಿ ಅವಳ ತಂಗಿ ಬಾಳಮ್ಮನ ಕುಬಸ. ಬಸುರಿಗೆ ಮೊದಲ ಉಡಿ ತುಂಬಬೇಕಾದವಳು ಅಕ್ಕ. ಅದೂ ಹೊತ್ತು ನೆತ್ತಿಗೆ ಬರುವುದರೊಳಗೆ. ದಾರಿ ಐದು ಹರದಾರಿ. ಮೋಟಾರು ಹೋಗುವುದು ಊಟ ಮುಗಿದ ಮೇಲೆ. ಹೀಗಾಗಿ ಇಡೀ ಕುಬಸ ಈಗ ಮಾಸ್ತರರ ಸೈಕಲ್ಲಿನ ಮೇಲೆ ಕುಳಿತಿತ್ತು.

ಆ ಸೈಕಲ್ಲೋ, ಸೋಲಾಪುರದ ಹಳೇ ಸಾಮಾನಿನ ಬಜಾರಿನಿಂದ ಅಗ್ಗಕ್ಕೆ ಬಂದದ್ದು. ಹಿಂದಿನ ಗಾಲಿಯ ನಡುವಿನ ಗುಂಬದೊಳಗೆ ಮೂರು ಗೇರು ಇವೆ ಎಂಬುದೊಂದೇ ಅದರ ಘನತೆ. ಏರಿಗೆ ಒಂದು, ಸಪಾಟಿಗೆ ಒಂದು, ಓಟಕ್ಕೆ ಒಂದು. ಗೇರು ಬದಲಿಸುವ ಕಡ್ಡಿ ಮೊದಲು ನಡುವಿನ ಪೈಪಿನ ಮೇಲಿತ್ತು. ಮಾಸ್ತರರು ಪ್ರತಿ ಸಲ ಬಗ್ಗಿ ಅದನ್ನು ಹುಡುಕುವಾಗ ಒಂದೊಂದು ಸಲ ಧೋತರದ ಚುಂಗೇ ಕೈಗೆ ಬರುತ್ತಿತ್ತು. ನಾಲ್ಕು ದಿನದ ಹಿಂದಷ್ಟೇ ರಾಜೇಸಾಬ ಹಳೆಯದನ್ನು ಕಿತ್ತು, ಹೊಸ ಕಡ್ಡಿಯೊಂದನ್ನು ಹ್ಯಾಂಡಲ್ಲಿಗೆ ಕೂಡಿಸಿಕೊಟ್ಟಿದ್ದ. ಲಡಾಯಿಯ ಕಾಲದಲ್ಲಿ ಅಂಥ ಕಡ್ಡಿ ಸಿಕ್ಕದ್ದೇ ದೊಡ್ಡದು.

ರಾಜೇಸಾಬ: ಕಡ್ಡಿ ಸರಿಸಿದ್ರೇನು?

ಖಂಡಪ್ಪ: ಸರಿಸಿದೆ. ಅದು ಸರೀಲಿಲ್ಲ.

ರಾಜೇಸಾಬ: ತುಳಿಯೂದು ಜರಾ ನಿಲ್ಲಿಸಿ ಸರಿಸಬೇಕ್ರಿ. ತುಳ್ಕೋತ ಸರಿಸಿದ್ರ ಅದರ ಹಲ್ಲು ಹಿಡೀತಾವ.

ಖಂಡಪ್ಪ: ಏರಿನ್ಯಾಗ ತುಳಿಯೂದು ನಿಲ್ಲಿಸಿದ್ರ ಸೈಕಲ್ ಹಿಂದಕ್ಕ ಬರೂದಿಲ್ಲೇನು?

ರಾಜೇಸಾಬ: ಬರೂದರೊಳಗ ಸರಿಸಬೇಕು.

ಖಂಡಪ್ಪ: ಹಿಂದಕ್ಕ ಬರಾಕ ನನಗ ಗೇರು ಯಾಕ ಬೇಕೋ? ಅದು ನನಗ ಮೊದಲs ಬರ್ತದ!

ರಾಜೇಸಾಬ: ಸಿಟ್ಟಿಗೇಳಬ್ಯಾಡ್ರಿ. ತಹಶೀಲ ಕಚೇರಿ ಸೈಕಲ್ಲು ಸೈತ ನನ್ನ ಕೈಯಾಗ ಅದಾವ. ಒಬ್ಬರೂ ಹಿಂಗ ಅಂದಿಲ್ಲ.

ಖಂಡಪ್ಪ: ಅವರು ಕಚೇರಿಯಿಂದ ಚಾದ ಅಂಗಡಿತನ ಹೋಗಾವ್ರು. ನಾ ಚೌಡಾಪುರದ ಏರು ಹತ್ತಾಂವ. ಅದೂ ಹಿಂದ ಹೆಂಡತಿ, ಆಕಿ ತೊಡಿಮ್ಯಾಲ ಗಂಟು.

ನಿಂಬೆವ್ವ: ತೂಕದ ಮಾತು ಬಜಾರದಾಗ ಬ್ಯಾಡ.

ರಾಜೇಸಾಬ ಗಾಲಿ ಎತ್ತಿ ತಿರುಗಿಸಿದ. ಗಾಲಿ ತಿರುಗಿತು. ಸರಪಳಿಗೆ ಎಣ್ಣೆ ಬಿಟ್ಟ. ಸರಪಳಿ ಎಣ್ಣೆ ಕುಡಿಯಿತು. ಎಲ್ಲಾ ಬರಾಬರಿ ಇದೆ ಎಂದು ತಲೆಯಾಡಿಸಿ ಹ್ಯಾಂಡಲ್ಲಿನ ಕಡೆ ಬಂದವನು ಅಲ್ಲೇ ನಿಂತುಬಿಟ್ಟ. ಗೇರಿನ ಕಡ್ಡಿಯ ಮೇಲೆ ಹಸಿರು ಖಣದ ಪುಟ್ಟ ಕುಂಚಿಗಿ. ಎಳೆ ಕೂಸಿನ ತಲೆಗೆ ಹಾಕುವಂಥದೇ. ಅಂಚಿಗೆ ಕೆಂಪು ಗೊಂಡೆ, ಗದ್ದದ ಕೆಳಗೆ ಗಂಟು ಹಾಕಿದ ಲಾಡಿ.

ರಾಜೇಸಾಬ: ಇದೇನ್ ತಂಗಿ?

ನಿಂಬೆವ್ವ: ಕುಂಚಿಗಿ ಅಣ್ಣ. ಹೊಸಾದು ಮನಿಗೆ ಬಂದದ. ಬಜಾರದಾಗ ಹತ್ತು ಮಂದಿ ಕಣ್ಣು ಬೀಳ್ತಾವ.

ರಾಜೇಸಾಬ: ಕೂಸಿಗೆ ಹಾಕ್ತಾರವ್ವ. ಕಬ್ಬಣಕ್ಕ ಯಾರರ ಹಾಕ್ತಾರೇನು?

ನಿಂಬೆವ್ವ: ಇವರು ಅದನ್ನ ಕೂಸಿಗಿಂತ ಹೆಚ್ಚು ಆಡಸ್ತಾರ. ಉಣ್ಣಾಕ ಕೂತಾವ್ರು ನಡುವs ಎದ್ದು ಹೋಗಿ, ಎರಡು ಸಲ ಟಿಕ್ ಟಿಕ್ ಅನಿಸಿ ಬರ್ತಾರ.

ಖಂಡಪ್ಪ: ಪರೀಕ್ಷಾ ಮಾಡಬೇಕಲ್ಲ!

ನಿಂಬೆವ್ವ: ಮುದ್ದಿ ತಣ್ಣಗಾಗ್ತದ.

ರಾಜೇಸಾಬ: ಈ ಟೊಪಗಿ ತಗೀರಿ, ಒಳಗ ನೋಡ್ತೇನಿ.

ನಿಂಬೆವ್ವ: ತಗಿಯಾಕ ಬರೂದಿಲ್ಲ. ಮೊದಲನೇ ಪ್ರಯಾಣ ಮುಗಿಯೂತನ ಅದು ತಲಿಮ್ಯಾಗ ಇರಬೇಕು.

ರಾಜೇಸಾಬ: ಮುಖ ತೋರಸದs ದವಾ ಕೊಡು ಅಂದ್ರ ಹಕೀಮ ಏನ್ ಮಾಡ್ತಾನ ತಂಗಿ?

ನಿಂಬೆವ್ವ: ನಾಡಿ ನೋಡಿ ಕೊಡ್ತಾನ. ನೀನೂ ಹೊರಗಿಂದs ಒತ್ತಿ ನೋಡು.

ರಾಜೇಸಾಬ ಖಣದ ಮೇಲಿಂದಲೇ ಒತ್ತಿದ. ಕಡ್ಡಿ ಅಲುಗಲಿಲ್ಲ. ಹಲ್ಲು ಕಚ್ಚಿ ಒತ್ತಿದ. ಅವನ ಹಲ್ಲು ಸದ್ದು ಮಾಡಿತೇ ವಿನಾ ಕಡ್ಡಿ ಮಾಡಲಿಲ್ಲ. ಮಾಸ್ತರರಿಗೆ ಗೆದ್ದಷ್ಟು ಖುಷಿಯಾಯಿತು. ಸೈಕಲ್ ಕೆಟ್ಟರೂ ಸರಿ, ತಮ್ಮ ಮಾತು ಕೆಡಬಾರದು ಎನ್ನುವ ಜಾತಿ ಅವರದು.

ಖಂಡಪ್ಪ: ನೋಡು! ಕೆಟ್ಟದ ಅಂದಿದ್ದೆ. ಹಳೇ ಕಡ್ಡಿ ಎಲ್ಲದ? ಅದನ್ನs ಹಾಕು. ಧೋತರ ಹೋದ್ರ ಹೋಗ್ಲಿ.

ನಿಂಬೆವ್ವ: ಕುಬಸದ ಮನಿಗೆ ಧೋತರ ಇಲ್ದ ಬರ್ತೀರೇನು?

ರಾಜೇಸಾಬ: ಉಸ್ತಾದನ ಕಸಂ ಮಾಸ್ತರ, ನಾ ಕೊಟ್ಟಾಗ ಇದು ಬೆಣ್ಣಿ ಹಂಗ ಸರೀತಿತ್ತು. ಈ ಟೊಪಗಿ ಒಳಗ ಏನೋ ಅದ.

ಖಂಡಪ್ಪ: ತಾಳು. ನಾ ಮಾಸ್ತರ ಅದೇನಿ. ದೃಷ್ಟಿ ಗಿಷ್ಟಿ ನನ್ನ ಮುಂದ ನಡಿಯೂದಿಲ್ಲ.

ನಿಂಬೆವ್ವ ಎದ್ದು ಬರುವಷ್ಟರಲ್ಲಿ ಮಾಸ್ತರರು ಕುಂಚಿಗಿಯ ಲಾಡಿ ಎಳೆದುಬಿಟ್ಟರು. ಒಳಗೆ ಕಡ್ಡಿ ಇತ್ತು, ನಿಜ. ಆದರೆ ಕಾಣುತ್ತಿರಲಿಲ್ಲ. ಅರಿಷಿಣ ಹಚ್ಚಿದ ಬಿಳಿ ದಾರ ಕಡ್ಡಿಯನ್ನೂ ಹ್ಯಾಂಡಲ್ಲನ್ನೂ ಸೇರಿಸಿ ಬಿಗಿದು ಸುತ್ತಿತ್ತು. ದಾರದ ಸಂದಿಯಲ್ಲಿ ಖಂಡೋಬನ ಭಂಡಾರದ ಅರಿಷಿಣ ಪುಡಿ, ಅದರ ಮೇಲೆ ಕುಂಕುಮ.

ರಾಜೇಸಾಬ: ಯಾ ಅಲ್ಲಾ! ಐದು ಸುತ್ತು! ಕಳ್ಳನ್ನ ಕಟ್ಟಿದಂಗ ಕಟ್ಟ್ಯಾರ, ಮ್ಯಾಲ ಮಿಸ್ತ್ರಿಗೆ ಬೈತಾರ!

ಖಂಡಪ್ಪ: ಮುಂಜಾನೆ ಹೊರಡೂ ಮುಂದ ಪೂಜಿ ಮಾಡು ಅಂದ್ರ ಹೂವು ಏರಸ್ತಾರ ಬೇ! ಗೇರಿಗೆ ಬೇಡಿ ಹಾಕ್ತಾರೇನು?

ರಾಜೇಸಾಬ: ಅದೂ ಎಲ್ಲಿ ನಿಲ್ಲಿಸಿ ಕಟ್ಟ್ಯಾರ ನೋಡ್ರಿ, ಏರಿನ ಗೇರಿಗೆ! ಕಾಲು ಗಿರಗಿರ ತಿರಗದ ಇನ್ನೇನು ಮಾಡ್ತಾವ?

ಖಂಡಪ್ಪ: ತಾಳು ತಾಳು. ಈ ಬಿಳಿ ದಾರದ ತೆಳಗ ಹಸರು ದಾರ ಯಾರದು?

ರಾಜೇಸಾಬನ ದನಿ ಒಮ್ಮೆಲೇ ಸಣ್ಣದಾಯಿತು.

ರಾಜೇಸಾಬ: ಅದು... ದರ್ಗಾದ ದಾರ. ಸೋಲಾಪುರದ ಸಾಮಾನು, ಮೊದಲು ಯಾರ ಕೈಯಾಗ ಇತ್ತೋ ಏನೋ ಅಂತ ನಾನs ಕಡ್ಡಿ ಬುಡಕ್ಕ, ಕಾಣಧಂಗ ಕಟ್ಟಿದ್ದೆ. ಬರೇ ಒಂದs ಸುತ್ತು.

ಖಂಡಪ್ಪ: ಅಂದ್ರ ನೀನೂ ಕಟ್ಟೀದಿ!

ರಾಜೇಸಾಬ: ನಂದು ಸಡ್ಲ ಅದರಿ. ತಂಗೀದು ಬಿಗಿ.

ಖಂಡಪ್ಪ: ಇಬ್ಬರೂ ದೇವರು ಕೂಡಿ ನನ್ನ ಗೇರು ಹಿಡಕೊಂಡು ಕೂತಾರ, ನಾ ಒಬ್ಬಾಂವ ತುಳ್ಯಾಕತ್ತೇನಿ! ಬಿಚ್ಚು ಬೇ ಅದನ್ನ.

ನಿಂಬೆವ್ವ: ಬಿಚ್ಚೂದಿಲ್ಲ.

ಖಂಡಪ್ಪ: ದೇವರು ಸಿಟ್ಟಾಗೂದಿಲ್ಲ. ನಾ ಹೇಳ್ತೇನಿ.

ನಿಂಬೆವ್ವ: ಅದನ್ನ ದೇವರ ಸಲುವಾಗಿ ಕಟ್ಟಿಲ್ರಿ. ನಿಮ್ಮ ಸಲುವಾಗಿ ಕಟ್ಟೇನಿ.

ರಾಜೇಸಾಬ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕುಕ್ಕರಗಾಲಲ್ಲಿ ಕುಳಿತ. ಗಂಡ ಹೆಂಡಿರ ಜಗಳದಲ್ಲಿ ಹೊರಗಿನವನು ಎದ್ದು ಹೋಗಬೇಕು ಎಂಬುದು ಅವನಿಗೆ ಗೊತ್ತಿತ್ತು. ಆದರೆ ಅಂಗಡಿ ಅವನದೇ ಆಗಿತ್ತಲ್ಲ.

ನಿಂಬೆವ್ವ: ಅಣ್ಣ, ಹೋದ ಪಂಚಮಿಗೆ ನಮ್ಮ ತೌರಮನಿಗೆ ಹ್ಯಾಂಗ ಹೋದ್ವಿ ಅಂತ ಇವರು ಹೇಳ್ಯಾರೇನು?

ರಾಜೇಸಾಬ: ಏರಿಗೆ ನಿನ್ನ ಕೆಳಗಿಳಿಸಿದ್ರು, ನಿನಗ ಸಿಟ್ಟು ಬಂತು ಅಂತ ಹೇಳ್ಯಾರ. ಅದಕ್ಕs ಕಡ್ಡಿ ಬದಲ ಮಾಡಿಸಿದ್ರಲ್ಲ?

ನಿಂಬೆವ್ವ: ಇಳಿಸಿದ್ದಲ್ಲ ಅಣ್ಣ, ಕೆಡವಿದ್ದು! ಏರು ಮುಗೀತು. ಇವರು ಬಗ್ಗಿ ಕಡ್ಡಿ ಸರಿಸಿದ್ರು. ಸೈಕಲ್ ಜಗ್ಗಿ ಮುಂದಕ್ಕ ಹಾರಿತು, ನಾ ಹಿಂದ ಬಿದ್ದೆ. ಒದರಿದೆ. ಇವರು ಹಾಡ್ಕೋತ ಹೊಂಟ್ರು!

ಖಂಡಪ್ಪ: ಗಾಳಿ ಎದುರಿತ್ತು. ಕೇಳಸಲಿಲ್ಲ.

ರಾಜೇಸಾಬ: ಮಾಸ್ತರ! ಹಿಂದ ಒಂದು ಜೀವ ಕಡಿಮಿ ಆದ್ರ ಸೈಕಲ್ಲಿಗೆ ಗೊತ್ತಾಗೂದಿಲ್ಲೇನು?

ಖಂಡಪ್ಪ: ಗೊತ್ತಾತು. ಒಮ್ಮಿಗೆಲೆ ಹಗುರಾತು. ಹೊಸಾದಾಗಿ ಮೂರನೇ ಗೇರು ಹಾಕಿದ್ದೆ. ಗೇರಿನ ಗುಣ ಅಂತ ತಿಳಕೊಂಡೆ.

ರಾಜೇಸಾಬ ನಗು ತಡೆಯಲು ಟಾಯರಿನೊಳಗೆ ಮುಖ ಹಾಕಿದ.

ನಿಂಬೆವ್ವ: ಮನಿ ಮುಂದ ಇಳಿದು, 'ಅತ್ತೀ, ನಿಮ್ಮ ಮಗಳನ್ನ ಕರಕೊಂಡು ಬಂದೇನಿ' ಅಂದ್ರಂತ. ನಮ್ಮವ್ವ ಕಾಲಿಗೆ ನೀರು ತಂದು 'ಎಲ್ಲಿ ಅದಾಳೋ ಯಪ್ಪಾ?' ಅಂತ ಕೇಳಿದ್ಲು. ಇವರು ಆಗ ಹಿಂದಕ್ಕ ತಿರುಗಿ ನೋಡಿದ್ರು. ಆಗ!

ಖಂಡಪ್ಪ: ನೋಡಿದ ಕೂಡ್ಲೆ ಓಡಿ ಬಂದೆ.

ನಿಂಬೆವ್ವ: ಬಂದ್ರಿ. ಅಷ್ಟೊತ್ತಿಗೆ ಬಾವಿ ಮ್ಯಾಗಿನ ಹೆಂಗಸರು ಎಲ್ಲಾ ನನ್ನ ನೋಡಿ ಆಗಿತ್ತು. ಮೊಣಕೈ ಕೆತ್ತಿದ್ದು ನೋವಾಗಲಿಲ್ಲ ನನಗ. ಅರ್ಧ ಹರದಾರಿ ದಾರಿ. ಒಂದು ಸಲ, ಒಂದs ಒಂದು ಸಲ, ಹಿಂದ ನಾ ಅದೇನೋ ಇಲ್ಲೋ ಅಂತ ನೋಡಲಿಲ್ಲಲ್ಲ ನೀವು.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಮಾಸ್ತರರಿಗೆ ಬಹಳ ನಾಚಿಕೆಯಾಯಿತು. ಕೆಳಗೆ ಬಿದ್ದದ್ದಕ್ಕಷ್ಟೇ ಹೆಂಡತಿ ಮುನಿದಿದ್ದಾಳೆಂದು ನಂಬಿ, ಅವಳಿಗಾಗಿಯೇ ಗೇರಿನ ಕಡ್ಡಿ ಬದಲಿಸಿ, ನಾಲ್ಕು ದಿನ ಎದೆ ಉಬ್ಬಿಸಿ ತಿರುಗಿದ್ದರು. ಅವರು ಕುಂಚಿಗಿಯನ್ನು ಕೈಯಲ್ಲೇ ಹಿಂಡುತ್ತ ನಿಂತರು.

ಖಂಡಪ್ಪ: ಬಿಚ್ಚಬ್ಯಾಡ ಬಿಡು. ಕಟ್ಟಿದ್ದು ಹಂಗs ಇರಲಿ. ಇದs ಗೇರಿನ್ಯಾಗ ತುಳೀತೇನಿ, ಚೌಡಾಪುರತನ.

ರಾಜೇಸಾಬ: ಈ ಗೇರಿನ್ಯಾಗ ಹೋದ್ರ ನೀವು ಮುಟ್ಟೂದು ಕುಬಸಕ್ಕಲ್ಲ ಮಾಸ್ತರ, ತೊಟ್ಟಿಲಿಗೆ.

ನಿಂಬೆವ್ವ: ಅಯ್ಯ, ಬಾಳಿ ಹಾದಿ ನೋಡ್ಕೋತ ಕೂತಿರ್ತಾಳ!

ರಾಜೇಸಾಬ: ಬಿಚ್ಚೂಣೇನು?

ನಿಂಬೆವ್ವ: ಬಿಚ್ಚಿದ್ರ ನಾ ಕೂಡೂದಿಲ್ಲ.

ಖಂಡಪ್ಪ: ಕಟ್ಟಿದ್ರ ಮುಟ್ಟೂದಿಲ್ಲ, ಬಿಚ್ಚಿದ್ರ ಕೂಡೂದಿಲ್ಲ. ಈ ಲೆಕ್ಕ ನನ್ನ ಸಾಲ್ಯಾಗ ಇಲ್ಲ.

ರಾಜೇಸಾಬ ಗಡ್ಡ ಕೆರೆದುಕೊಂಡು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಿಂದಿನ ಗಾಲಿಯಿಂದ ಹ್ಯಾಂಡಲ್ಲಿನವರೆಗೆ ಬಂದಿದ್ದ ತಂತಿಯನ್ನು ಗೇಣು ಹಾಕಿ ಅಳೆದ. ಆಮೇಲೆ ಪಾನಾ ಎತ್ತಿಕೊಂಡ.

ರಾಜೇಸಾಬ: ತಂಗಿ, ನಿನ್ನ ದಾರ ನೀನs ಬಿಚ್ಚು. ನಂದು ನಾ ಬಿಚ್ಚತೇನಿ. ಕಡ್ಡಿ ಇವರ ಕೈಯಾಗ ಕೊಡೂದಿಲ್ಲ, ನನ್ನ ಮಾತು.

ದಾರಗಳು ಬಿಚ್ಚಿದವು. ಕಡ್ಡಿ ಹ್ಯಾಂಡಲ್ ಬಿಟ್ಟು ಬಂತು. ರಾಜೇಸಾಬ ಅದನ್ನು ತಂದು ಸೀಟಿನ ಕೆಳಗಿನ ಪೈಪಿಗೆ, ಹಿಂದೆ ಕೂಡುವವರ ಕೈಗೆ ಸಿಗುವ ಹಾಗೆ ಬಿಗಿದ. ಉಳಿದ ತಂತಿಯನ್ನು ಕತ್ತರಿಸಿದ.

ಖಂಡಪ್ಪ: ಏ ಏ, ಏನ್ ಮಾಡಾಕತ್ತೀಯೋ? ಗೇರು ಆಕಿ ಕೈಯಾಗ?

ರಾಜೇಸಾಬ: ಹಿಂದಿನ ಸುದ್ದಿ ಹಿಂದಿನವ್ರಿಗೇ ಗೊತ್ತಿರಬೇಕ್ರಿ. ತಂಗಿ, ನೋಡು. ಮ್ಯಾಲ ಎತ್ತಿದ್ರ ಏರು, ನಡುವ ಸಪಾಟು, ತೆಳಗ ಓಟ. ಸರಿಸೂ ಮುಂದ ಇವರಿಗೆ 'ಕಾಲು ನಿಲ್ಲಸ್ರಿ' ಅಂತ ಹೇಳಬೇಕು.

ನಿಂಬೆವ್ವ: ಹೇಳಿದ್ರ ಕೇಳ್ತಾರೇನು?

ರಾಜೇಸಾಬ: ಕೇಳಲಿಲ್ಲಂದ್ರ ಗೇರು ಬದಲಿ ಆಗೂದಿಲ್ಲ. ಕೇಳಲೇಬೇಕು.

ಇಷ್ಟು ಒಳ್ಳೆಯ ಯಂತ್ರ ವಿಲಾಯತಿಯಲ್ಲಿ ತಯಾರಾಗುತ್ತದೆ ಎಂದು ನಿಂಬೆವ್ವನಿಗೆ ಅಂದೇ ಗೊತ್ತಾದದ್ದು. ಅವಳು ಗಂಟನ್ನು ಹೆಗಲಿಗೆ ಏರಿಸಿ, ಕ್ಯಾರಿಯರಿನ ಮೇಲೆ ಕುಳಿತು, ಕಡ್ಡಿಯನ್ನು ಎರಡು ಸಲ ಟಿಕ್ ಟಿಕ್ ಅನ್ನಿಸಿ ನೋಡಿದಳು.

ಖಂಡಪ್ಪ: ಹ್ಯಾಂಡಲ್ಲರ ನನ್ನದs ಹೌದಲ್ಲೋ?

ನಿಂಬೆವ್ವ: ನಿಮ್ಮದs ರಿ. ತಗ್ಗಿಗೆ ಬಿದ್ರ ಯಾರದರ ಹೆಸರು ಬೇಕಲ್ಲ.

ಸೈಕಲ್ ಹೊರಟಿತು. ಬಜಾರು ದಾಟಿ ಮೊದಲ ಏರು ಬಂತು. 'ಕಾಲು ನಿಲ್ಲಸ್ರಿ!' ಎಂದು ನಿಂಬೆವ್ವ ಕೂಗಿದ್ದು ಬೇವಿನ ಮರದವರೆಗೂ ಕೇಳಿಸಿತು. ಮಾಸ್ತರರು ಕಾಲು ನಿಲ್ಲಿಸಿದರು. ಟಿಕ್ ಎಂದಿತು. ಮತ್ತೆ ತುಳಿದರೆ ಪೈಡಲ್ ಬೆಣ್ಣೆಯಷ್ಟು ಹಗುರ.

ಹಗುರಾದದ್ದೇ ತಡ, ಮಾಸ್ತರರಿಗೆ ಪಂಚಮಿಯ ದಾರಿ ನೆನಪಾಯಿತು. ಎರಡೂ ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೆ ಊರಿ, ಕುತ್ತಿಗೆ ಉಳುಕುವ ಹಾಗೆ ಹಿಂದಕ್ಕೆ ತಿರುಗಿದರು.

ಖಂಡಪ್ಪ: ನಿಂಬೀ! ಅದೀಯೇನು?

ನಿಂಬೆವ್ವ ಅವರ ಬೆನ್ನಿಗೆ ಹಣೆ ಬಡಿಸಿಕೊಂಡು, ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಮಾಸ್ತರರ ಅಂಗಿ ಹಿಡಿದು ಕುಳಿತಿದ್ದಳು.

ನಿಂಬೆವ್ವ: ಅದೇನಿ ರಿ, ಅದೇನಿ! ಹಿಂಗ ಹಗುರಾದಾಗೊಮ್ಮೆ ಬ್ರೇಕು ಹಿಡಿದ್ರ ಮಾತ್ರ, ಈ ಸಲ ಮುಂದ ಬೀಳ್ತೇನಿ. ತುಳೀರಿ!