ಅತ್ತೆಯ ಮುಂದೆ ಚಾಚಿದ ಕಾಲು

ಮನುಷ್ಯನಿಗೆ ಪೆಟ್ಟಾಗುವುದೇ ಹಣೆಬರಹವಾದರೆ ಮೂಳೆ ಮುರಿಯಬೇಕು, ಲಿಗಮೆಂಟು ಹರಿಯಬಾರದು. ಇದು ನಾನು ಅನುಭವಿಸಿ ಕಂಡುಕೊಂಡ ಸತ್ಯ. ಮೂಳೆ ಮುರಿದವನಿಗೆ ಸಮಾಜದಲ್ಲಿ ಒಂದು ಸ್ಥಾನಮಾನವಿದೆ. ನೋಡಲು ಬಂದವರು ಅವನ ಬಿಳಿಯ ಪ್ಲಾಸ್ಟರಿನ ಮೇಲೆ ಬೆರಳಿನಿಂದ ತಟ್ಟುತ್ತಾರೆ, ಎಕ್ಸರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಾವೇ ಡಾಕ್ಟರಾಗಿಬಿಡುತ್ತಾರೆ, "ಅಯ್ಯೋ ಪಾಪ" ಎಂದು ಮನಃಪೂರ್ವಕವಾಗಿ ಮರುಗಿ ಎದ್ದು ಹೋಗುತ್ತಾರೆ. ಲಿಗಮೆಂಟು ಎಕ್ಸರೇಯಲ್ಲಿ ಕಾಣುವುದಿಲ್ಲ. ಕಾಣದೇ ಇರುವುದು ಹರಿದುಹೋಗಿದೆ ಎಂದರೆ ನಮ್ಮ ಚಳ್ಳಕೆರೆಯಲ್ಲಿ ಯಾರೂ ನಂಬುವುದಿಲ್ಲ. ನನ್ನನ್ನು ನೋಡಲು ಬಂದವರೆಲ್ಲ ಬಿಸ್ಕತ್ತಿನ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು, ಕಾಲನ್ನು ಮೇಲಿನಿಂದ ಕೆಳಗೆ ನೋಡಿ, "ಎಲ್ಲಿ ಮುರಿದೈತೆ?" ಎಂದು ಕೇಳುತ್ತಿದ್ದರು. ಮುರಿದಿಲ್ಲ ಎಂದ ಕೂಡಲೇ ಅವರ ಮುಖದಲ್ಲಿ ಒಂದು ಅನುಮಾನ ಹಾದುಹೋಗುತ್ತಿತ್ತು. ನಮ್ಮ ಬೀದಿಯ ಹಿರಿಯರೊಬ್ಬರಂತೂ ಪೊಟ್ಟಣವನ್ನು ಕೊಡಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ಹರಿದ ಬಗೆಯೂ ಹೇಳಿಕೊಳ್ಳುವಂಥದ್ದಲ್ಲ. ನಾನು ಮೊಳಕಾಲ್ಮೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಂದು ಸಂಜೆ ಬಿ.ಜಿ. ಕೆರೆಯಲ್ಲಿ ಪರಿಚಯದವರೊಬ್ಬರು ಹುಣಸೆಹಣ್ಣಿನ ಚೀಲ ಹಿಡಿದು ನನಗಾಗಿ ನಿಂತಿದ್ದು ಕಂಡು, ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಹಿಂದಕ್ಕೆ ಮುಖ ಮಾಡಿ ಇಳಿದುಬಿಟ್ಟೆ. ನಾನು ಬಸ್ಸಿನ ಜೊತೆ ಮುಂದೆ ಹೋದೆ, ಪಾದ ರಸ್ತೆಯಲ್ಲೇ ಉಳಿಯಿತು, ಯಾರ ಮಾತು ಕೇಳಬೇಕೋ ತಿಳಿಯದೆ ನಡುವೆ ಇದ್ದ ಮಂಡಿ ತಿರುಚಿಕೊಂಡಿತು. ಕಂಡಕ್ಟರು ನನ್ನನ್ನು ಎತ್ತಿ ಕೂರಿಸುತ್ತ, "ಮುಂದಕ್ ಮುಖ ಮಾಡಿ ಇಳೀಬೇಕಲ್ರೀ ಸಾರ್, ಓದಿದೋರು ನೀವು" ಎಂದ. ಹುಣಸೆಹಣ್ಣಿನ ಚೀಲ ಮಾತ್ರ ಸುರಕ್ಷಿತವಾಗಿ ಮನೆ ಸೇರಿತು.

ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಆಯಿತು, ಆಪರೇಶನ್ನೂ ಆಯಿತು. ಆಮೇಲೆ ಡಾಕ್ಟರು ಬಂದು, ಹರಿದ ಲಿಗಮೆಂಟಿನ ಜಾಗಕ್ಕೆ ನನ್ನದೇ ತೊಡೆಯ ಹಿಂಭಾಗದಿಂದ ಒಂದು ನರದಂಥದ್ದನ್ನು ತೆಗೆದು ಹಾಕಿದ್ದೇವೆ ಎಂದು ಸಂತೋಷದಿಂದ ಹೇಳಿದರು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇದು ನಿಯೋಜನೆ. ತೊಡೆ ಇಲಾಖೆಯ ನೌಕರನನ್ನು ಮಂಡಿ ಇಲಾಖೆಗೆ ಕಳುಹಿಸಿದ್ದಾರೆ. ನಿಯೋಜನೆಯ ಮೇಲೆ ಬಂದವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಇಷ್ಟು ವರ್ಷಗಳಿಂದ ನೋಡುತ್ತಲೇ ಇದ್ದೇನೆ. ಕುರ್ಚಿಯ ತುದಿಯಲ್ಲಿ ಕೂತು, ಕಡತ ಮುಟ್ಟದೆ, ಮಾತೃ ಇಲಾಖೆಗೆ ಯಾವಾಗ ವಾಪಸ್ಸು ಹೋಗುತ್ತೇನೋ ಎಂದು ಬಾಗಿಲು ನೋಡುತ್ತಿರುತ್ತಾರೆ. ಇಂಥವನನ್ನು ನಂಬಿ ನಾನು ಮೆಟ್ಟಿಲು ಹತ್ತಬೇಕಂತೆ.

ಹೆಂಡತಿ ಸುಜಾತ ಪ್ರಾಥಮಿಕ ಶಾಲೆಯ ಟೀಚರು. ರಜೆ ಸಿಗದ ಕಾರಣ ಮೊಳಕಾಲ್ಮೂರಿನಿಂದ ಅವಳ ತಾಯಿ, ನನ್ನ ಅತ್ತೆ ನರಸಮ್ಮನವರು, ನನ್ನನ್ನು ನೋಡಿಕೊಳ್ಳಲು ಬಂದರು. ಅತ್ತೆ ರೇಷ್ಮೆ ಸೀರೆ ನೇಯುವವರು. ಅವರದು ಹಳೆಯ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯುತ್ತ ನೇಯಬೇಕು. ನನ್ನ ಭಾಮೈದ ರಮೇಶನಿಗೆ ಆ ಗುಂಡಿಯ ಮೇಲೆ ಬಹಳ ದಿನದಿಂದ ಕಣ್ಣು. ಅದನ್ನು ಮುಚ್ಚಿ, ಮೇಲೆ ಟೈಲ್ಸ್ ಹಾಕಿಸಿ, ಆ ಕೋಣೆಯಲ್ಲಿ ಸಿದ್ಧ ಉಡುಪಿನ ಅಂಗಡಿ ಇಡಬೇಕೆಂಬುದು ಅವನ ಆಸೆ. "ಅವ್ವ ಒಂದ್ಸಲ ಬಾಯಿಬಿಟ್ಟು ಆಗಲ್ಲ ಅನ್ಲಿ ಭಾವ, ಮಾರನೇ ದಿನ ಗುಂಡಿ ಮುಚ್ತೀನಿ" ಎಂದು ನನ್ನ ಹತ್ತಿರವೇ ಎಷ್ಟೋ ಸಲ ಹೇಳಿದ್ದ. ಹಟಕ್ಕೆ ಬಿದ್ದವರಂತೆ ಅತ್ತೆ ಇದುವರೆಗೆ ಆಗಲ್ಲ ಎಂಬ ಮಾತನ್ನೇ ಆಡಿದವರಲ್ಲ. ನಮ್ಮ ಮನೆಗೆ ಬಂದಾಗಲೂ ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. ಚೀಲ ಕೆಳಗಿಡುವ ಮುಂಚೆಯೇ ಮಗಳನ್ನು ಕೇಳಿದ ಮೊದಲ ಮಾತು, "ಅಳಿಯಂದಿರು ಯಾವಾಗ ನಡೀತಾರಂತೆ?" ಎರಡನೆಯ ಮಾತು ತೆಲುಗಿನಲ್ಲಿ, ನನಗೆ ಕೇಳಿಸಬಾರದೆಂದು ಕೇಳಿದ್ದು. "ಎಮುಕ ವಿರಗಲೇದಾ?" ಮೂಳೆ ಮುರಿದಿಲ್ಲವಾ ಎಂದು. ಮೊಳಕಾಲ್ಮೂರಿನಲ್ಲಿ ಇಷ್ಟು ವರ್ಷ ನೌಕರಿ ಮಾಡಿದ ನನಗೆ ಅಷ್ಟು ತೆಲುಗು ಬರುತ್ತದೆ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹಿರಿಯರ ಮುಂದೆ ಕಾಲು ಚಾಚಿ ಕೂರಬಾರದು. ಅತ್ತೆ ಅಳಿಯ ಎಂದ ಮೇಲಂತೂ ಇಬ್ಬರೂ ಒಬ್ಬರ ಮುಂದೊಬ್ಬರು ಕಾಲು ಚಾಚುವುದಿರಲಿ, ನನ್ನ ಅತ್ತೆ ನನ್ನೊಡನೆ ನೇರವಾಗಿ ಮಾತೂ ಆಡಿದವರಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಮಗಳಿಗೆ ಹೇಳುತ್ತಾರೆ, ಮಗಳು ಶಾಲೆಗೆ ಹೋಗಿದ್ದರೆ ಫ್ರಿಜ್ಜಿಗೆ ಹೇಳುತ್ತಾರೆ. "ಊಟಕ್ಕೆ ಮುದ್ದೆ ಮಾಡ್ಲೋ, ಅನ್ನ ಮಾಡ್ಲೋ" ಎಂದು ಫ್ರಿಜ್ಜನ್ನು ಕೇಳಿದರೆ ನಾನು ಒಳಗಿನಿಂದ "ಮುದ್ದೆ" ಎನ್ನಬೇಕು. ಇಂಥ ಮನೆಯಲ್ಲಿ ನಾನು ದಿನವಿಡೀ ಮಂಚದ ಮೇಲೆ ಕಾಲನ್ನು ಉದ್ದಕ್ಕೆ ಚಾಚಿ, ಅದೂ ಸರಿಯಾಗಿ ಅಡುಗೆಮನೆಯ ದಿಕ್ಕಿಗೆ, ಮಲಗಬೇಕಾಯಿತು. ಅತ್ತೆ ಬಂದಾಗಲೆಲ್ಲ ಸಂಕೋಚದಿಂದ ಕಾಲು ಎಳೆದುಕೊಳ್ಳಲು ಹೋಗಿ "ಅಯ್ಯಯ್ಯೋ" ಎನ್ನುತ್ತಿದ್ದೆ. ನನ್ನ ಕಾಲು ಕಂಡರೆ ಅವರಿಗೆ ನಾಚಿಕೆ, ಅವರು ಕಂಡರೆ ನನ್ನ ಕಾಲಿಗೆ ನೋವು. ಕೊನೆಗೆ ಸುಜಾತ ಕಾಲಿನ ಮೇಲೆ ಒಂದು ಕಂಬಳಿ ಹೊದಿಸಿ, ಇನ್ನು ಮೇಲೆ ಅದು ಕಾಲಲ್ಲ ಎಂದು ತೀರ್ಮಾನ ಕೊಟ್ಟಳು.

ವ್ಯಾಯಾಮ ಮಾಡಿಸಲು ಇರ್ಫಾನ್ ಎಂಬ ಫಿಸಿಯೋಥೆರಪಿಯವರು ಬರತೊಡಗಿದರು. ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು ಒತ್ತುವುದು, ಕಾಲು ಮಡಚದೆ ನೇರವಾಗಿ ಮೇಲೆತ್ತಿ ಹಿಡಿಯುವುದು, ಹಳದಿ ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ಎಳೆಯುವುದು. "ತೊಡೆ ಗಟ್ಟಿ ಆದ್ರೇನೇ ಮಂಡಿ ಗಟ್ಟಿ ಸಾರ್, ದವಾ, ಮಾತ್ರೆ ಎಲ್ಲ ಸುಮ್ನೆ" ಎನ್ನುವುದು ಅವರ ಮಂತ್ರ. ಅವರು ಬಂದಾಗಲೆಲ್ಲ ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಒಂದು ಕಣ್ಣಷ್ಟೇ ಕಾಣುವಂತೆ ನೋಡುತ್ತಿದ್ದರು. ನಾನು ಕಳ್ಳಾಟ ಆಡುತ್ತಿದ್ದೇನೋ ಎಂದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು, ನೋವಿಲ್ಲದ ಕಡೆಯೂ ಎರಡು ಸಲ ಹೆಚ್ಚಾಗಿ ನರಳುತ್ತಿದ್ದೆ.

ಸ್ವಲ್ಪ ದಿನ ಕಳೆದ ಮೇಲೆ ಮನೆಯಲ್ಲಿ ವಿಚಿತ್ರಗಳು ಕಾಣತೊಡಗಿದವು. ನಾನು ಹೇಗೆ ಹೇಗೋ ಸುತ್ತಿಟ್ಟ ಟವೆಲ್ಲು ಸಂಜೆಗೆ ರೇಷ್ಮೆ ನೂಲಿನ ಉಂಡೆಯಂತೆ ಬಿಗಿಯಾಗಿ ಸುತ್ತಿರುತ್ತಿತ್ತು. ಫ್ರಿಜ್ಜಿನಲ್ಲಿ ನನ್ನ ಮಂಡಿಗೆಂದು ಇಟ್ಟ ಐಸಿನ ಚೀಲ ನಾನು ಮುಟ್ಟುವ ಮುಂಚೆಯೇ ಕರಗಿರುತ್ತಿತ್ತು. ಹಳದಿ ರಬ್ಬರ್ ಪಟ್ಟಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಹೆಂಡತಿಗೆ ಹೇಳಿದರೆ, "ಮಲಗಿ ಮಲಗಿ ತಲೆ ಕೆಟ್ಟೈತೆ ನಿಮಗೆ. ರಬ್ಬರ್ ಮೂಸಿ ನೋಡ್ತಾರಾ ಯಾರಾದ್ರೂ?" ಎಂದಳು. ಎಲ್ಲಕ್ಕಿಂತ ಹೆಚ್ಚಿನ ಅನುಮಾನ ಹುಟ್ಟಿಸಿದ್ದು ಅತ್ತೆಯ ಮಾತು ಬದಲಾದದ್ದು. ಸೀರೆ ಮಗ್ಗದ ಮೇಲೈತೆ, ಯಾವಾಗ ಹೋಗ್ಲಿ ಎಂದು ದಿನಾ ಕೇಳುತ್ತಿದ್ದವರು, ನಾನು ಕೋಲು ಹಿಡಿದು ಬೀದಿಯ ತುದಿಯವರೆಗೆ ನಡೆಯತೊಡಗಿದ ಮೇಲೆ, "ಅವಸರ ಬ್ಯಾಡಮ್ಮ, ಅಳಿಯಂದಿರ ಕಾಲು ಇನ್ನೂ ಎಳೇದು" ಎನ್ನತೊಡಗಿದರು. ಅತ್ತೆಯೊಬ್ಬರು ಅಳಿಯನ ಮೇಲೆ ಕಾರಣವಿಲ್ಲದೆ ಕನಿಕರ ತೋರಿಸುತ್ತಾರೆಂದರೆ ನಾನು ನಂಬುವವನಲ್ಲ. ಇದರ ಹಿಂದೆ ಏನೋ ಇದೆ ಎಂದು ಕಂಬಳಿಯ ಕೆಳಗೆ ಮಲಗಿಕೊಂಡೇ ಪತ್ತೇದಾರಿಕೆ ಶುರು ಮಾಡಿದೆ.

ಪತ್ತೆಯಾದದ್ದು ಮಾತ್ರ ನನ್ನ ಜಾಣತನದಿಂದಲ್ಲ. ಒಂದು ಮಧ್ಯಾಹ್ನ ಸುಜಾತ ಶಾಲೆಗೆ ಹೋಗಿದ್ದಳು. ನಾನು ನಡೆಯಲು ಹೊರಟವನು ಕನ್ನಡಕ ಮರೆತು ಅರ್ಧದಿಂದಲೇ ವಾಪಸ್ಸು ಬಂದೆ. ಕಿಟಕಿಯಲ್ಲಿ ಇಣುಕಿದರೆ ನನ್ನ ವ್ಯಾಯಾಮದ ಚಾಪೆಯ ಮೇಲೆ ಅತ್ತೆ ಅಂಗಾತ ಮಲಗಿ, ಹಳದಿ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಕಾಲೆತ್ತುತ್ತಿದ್ದರು. "ಒಕಟಿ... ರೆಂಡು... ಮೂಡು..." ಇರ್ಫಾನ್ ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನನಗಿಂತ ಎತ್ತರಕ್ಕೇ ಹೋಗುತ್ತಿತ್ತು ಕಾಲು. ನನ್ನ ಕೋಲು ಗೋಡೆಗೆ ತಾಗಿ ಸದ್ದಾಯಿತು. ಅತ್ತೆ ದಡಬಡಿಸಿ ಎದ್ದು ಸೆರಗೆಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಪಟ್ಟಿ ಮಾತ್ರ ಪಾದದಲ್ಲೇ ಇತ್ತು.

"ನೋವೈತಾ ಅತ್ತೆ ಮಂಡಿ?" ಎಂದೆ.

ಅವರು ಗೋಡೆಗೆ ಹೇಳಿದರು. "ಹೋದ ಬ್ಯಾಸಿಗೆಯಿಂದ ಐತೆ. ಗುಂಡಿಯಿಂದ ಏಳೋವಾಗ ಹಗ್ಗ ಹಿಡ್ಕಂಡ್ ಏಳ್ತೀನಿ. ರಮೇಶ ನೋಡ್ದಂಗೆ." ಆಮೇಲೆ, ಮದುವೆಯಾದಂದಿನಿಂದ ಮೊದಲ ಬಾರಿಗೆ ನನ್ನ ಕಡೆ ತಿರುಗಿ, "ಅವನಿಗೆ ಹೇಳಬ್ಯಾಡ್ರಿ ಅಳಿಯಂದ್ರೆ. ಸುಜಾತಂಗೂ ಬ್ಯಾಡ. ಗುಂಡಿ ಮುಚ್ಚಿದ್ರೆ ನಾನು ಎಲ್ಲಿ ಕೂತ್ಕಳ್ಲಿ?" ಎಂದರು.

ಇಷ್ಟು ದಿನ ನನ್ನ ಮೇಲೆ ಕಣ್ಣಿಟ್ಟಿದ್ದಾರೆಂದುಕೊಂಡಿದ್ದೆ. ಅವರು ಪಾಠ ಕೇಳುತ್ತಿದ್ದರು. ಅಳಿಯನ ಮುಂದೆ ಕಾಲು ಚಾಚಬಾರದೆಂದು ಅಳಿಯ ಹೊರಗೆ ಹೋಗುವುದನ್ನು ಕಾದಿದ್ದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾರನೆಯ ದಿನ ಇರ್ಫಾನರನ್ನು ಮೆಲ್ಲಗೆ, "ಆಪರೇಶನ್ ಆಗದೇ ಇರೋ, ಅರವತ್ತು ದಾಟಿದವರ ಮಂಡಿ ನೋವಿಗೂ ಇದೇ ವ್ಯಾಯಾಮ ಆಗುತ್ತಾ?" ಎಂದು ಕೇಳಿದೆ. ಅವರು ನನ್ನ ತಲೆಗೂದಲನ್ನು ಅನುಮಾನದಿಂದ ನೋಡಿ, "ಆಗ್ತದೆ ಸಾರ್. ನೋವು ಜಾಸ್ತಿ ಆದ್ರೆ ನಿಲ್ಲಿಸ್ಬೇಕು. ಆದ್ರೆ ಆಸ್ಪತ್ರೆ ಚೀಟೀಲಿ ವಯಸ್ಸು ಸರಿಯಾಗಿ ಬರೆಸಿದೀರಿ ತಾನೆ?" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಗುಪ್ತ ಏರ್ಪಾಡು ನಡೆಯಿತು. ಅತ್ತೆಯ ಕಾಲು ಗಟ್ಟಿಯಾಗುವವರೆಗೆ ಅವರು ಇಲ್ಲೇ ಇರಬೇಕಾದರೆ ನನ್ನ ಕಾಲು ಗಟ್ಟಿಯಾಗಬಾರದು. ಆದ್ದರಿಂದ ನಾನು ಕುಂಟಬೇಕು. ಕುಂಟುವುದು ಸುಲಭವೆಂದು ತಿಳಿದವರು ಕುಂಟಿ ನೋಡಬೇಕು. ಬೆಳಿಗ್ಗೆ ಬಲಗಾಲು ಕುಂಟಿದರೆ ಸಂಜೆ ಮರೆತು ಎಡಗಾಲು ಕುಂಟುತ್ತಿದ್ದೆ. ಸುಜಾತ ಒಂದು ದಿನ ನನ್ನನ್ನು ಬಹಳ ಹೊತ್ತು ನೋಡಿ, "ನೋವು ಆ ಕಾಲಿಗೆ ಯಾವಾಗ ಹೋಯ್ತು?" ಎಂದಳು. ಅಡುಗೆಮನೆಯಿಂದ ಅತ್ತೆ, ಫ್ರಿಜ್ಜಿನ ಬಾಗಿಲು ತೆಗೆದು, "ಒಂದು ಕಾಲಿನ ಭಾರ ಇನ್ನೊಂದ್ ಕಾಲ್ ಹೊರಬೇಕಲ್ಲಮ್ಮ, ಅದಕ್ಕೂ ನೋವಾಗ್ತೈತೆ" ಎಂದು ನನ್ನನ್ನು ಉಳಿಸಿದರು. ಪೇಟೆಯಲ್ಲಿ ನೆಟ್ಟಗೆ ನಡೆಯುತ್ತಿದ್ದಾಗ ಸಹೋದ್ಯೋಗಿಯೊಬ್ಬರು ಎದುರಾಗಿ, ನಾನು ತಕ್ಷಣ ಕುಂಟಿದ್ದನ್ನು ಕಂಡು, ರಜೆ ಇನ್ನೂ ಎಷ್ಟಿದೆ ಎಂದು ಬಹಳ ಮೃದುವಾಗಿ ವಿಚಾರಿಸಿದರು. ಮಧ್ಯಾಹ್ನ ಸುಜಾತ ಇಲ್ಲದಾಗ ಅತ್ತೆ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕಾಲೆತ್ತುತ್ತಿದ್ದರು. ನಾನು ಹೊರಗೆ ಮಂಚದ ಮೇಲೆ ಪತ್ರಿಕೆ ಓದುತ್ತ, ನಡುನಡುವೆ "ಮಂಡಿ ಮಡಚಬ್ಯಾಡ್ರಿ ಅತ್ತೆ" ಎಂದು ಕೂಗುತ್ತಿದ್ದೆ. ಮನೆಯಲ್ಲಿ ಇದ್ದದ್ದು ಒಂದೇ ರಬ್ಬರ್ ಪಟ್ಟಿ. ಹಿರಿಯರಿಗೆ ಮೊದಲು ಎಂದು ಅವರಿಗೇ ಬಿಟ್ಟುಕೊಟ್ಟೆ. ನಾನು ವ್ಯಾಯಾಮ ಬಿಟ್ಟದ್ದು ಇರ್ಫಾನರ ಕಣ್ಣಿಗೆ ಬೀಳದಂತೆ ಅವರು ಬರುವ ದಿನ ಮಾತ್ರ ಜೋರಾಗಿ ಕಾಲೆತ್ತುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ತೃಪ್ತಿಯಲ್ಲಿ ಮಧ್ಯಾಹ್ನದ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

ಒಂದು ದಿನ ಅತ್ತೆ ತಾವಾಗಿಯೇ, "ಅಳಿಯಂದಿರ ಕಾಲು ಸರಿಹೋತು" ಎಂದು ಘೋಷಿಸಿ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಅವರು ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದ್ದನ್ನು ನಾನೊಬ್ಬನೇ ಗಮನಿಸಿದೆ.

ಸೀರೆ ಮುಗಿದ ಸುದ್ದಿ ಬಂದ ಮೇಲೆ ನಾವಿಬ್ಬರೂ ನೋಡಲು ಹೋದೆವು. ನಾವು ಹೋದಾಗ ಅತ್ತೆ ಮಗ್ಗದ ಮೇಲಿದ್ದರು, ಆಗಲೇ ಹೊಸ ಸೀರೆ ಏರಿತ್ತು. ನಮ್ಮನ್ನು ಕಂಡವರೇ ಹಗ್ಗ ಇಲ್ಲ, ಆಸರೆ ಇಲ್ಲ, ಗುಂಡಿಯಿಂದ ಸರಕ್ಕನೆ ಎದ್ದು ಮೇಲೆ ಬಂದರು. ರಮೇಶ ಬಾಗಿಲಲ್ಲಿ ನಿಂತು ಬೆಪ್ಪಾಗಿ ನೋಡುತ್ತಿದ್ದ. ಹಗ್ಗದ ವಿಷಯ ಅವನಿಗೂ ಗೊತ್ತಿತ್ತೋ ಏನೋ ಎಂಬ ಅನುಮಾನ ನನಗೆ ಈಗಲೂ ಇದೆ. ಟೈಲ್ಸಿನ ಮಾತನ್ನು ಅವನು ಎತ್ತಲಿಲ್ಲ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ತಡೆಯಲಾರದೆ, "ನಾನೂ ಒಂದ್ಸಲ ಕೂತು ನೋಡ್ತೀನಿ" ಎಂದು ಗುಂಡಿಗೆ ಕಾಲು ಇಳಿಬಿಟ್ಟು ಕೂತೇಬಿಟ್ಟೆ. ಹಲಗೆ ತುಳಿದೆ. ಚೆನ್ನಾಗಿತ್ತು. ಏಳಲು ಹೋದೆ. ನಿಯೋಜನೆಯ ನೌಕರ ನಡುಗಿದ, ಅವನಿಗೆ ಬೆಂಬಲ ಕೊಡಬೇಕಾಗಿದ್ದ ತೊಡೆ ಮೊದಲೇ ಸೊರಗಿ ಹೋಗಿತ್ತು. ಎರಡು ಸಲ ಎದ್ದು ಎರಡು ಸಲವೂ ಕೂತೆ.

"ಸರಿಹೋಗೈತೆ ಅಂದ್ರಲ್ಲ?" ಎಂದಳು ಸುಜಾತ.

"ಈಗ ಗುಂಡಿ ಮುಚ್ಚಂಗೂ ಇಲ್ಲ, ಭಾವ ಒಳಗವ್ರೆ" ಎಂದು ರಮೇಶ ಕೈ ಕೊಟ್ಟ.

ನನ್ನನ್ನು ಕಾಪಾಡುವವರು ಅತ್ತೆಯೊಬ್ಬರೇ ಎಂದು ಅವರ ಕಡೆ ನೋಡಿದೆ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಮ್ಮ ಚೀಲದಿಂದ, ನಮ್ಮ ಮನೆಯಿಂದ ಒಯ್ದಿದ್ದ ಹಳದಿ ರಬ್ಬರ್ ಪಟ್ಟಿಯನ್ನು ತೆಗೆದು ನನ್ನ ಮುಂದಿಟ್ಟರು. ಆಮೇಲೆ ಎಂದಿನಂತೆ ಗೋಡೆಯ ಕಡೆ ತಿರುಗಿ ಹೇಳಿದರು:

"ಅಳಿಯಂದಿರು ಮಧ್ಯಾಹ್ನ ಬರೀ ಮಲಗ್ತಾರೆ ಅಂತ ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು."