ಹೆಲ್ಮೆಟ್ ಪ್ರತಿಜ್ಞೆ ಮತ್ತು ಅರವತ್ತಮೂರು ಸಹಿಗಳು

2014ರ ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಬೊಮ್ಮಸಂದ್ರದ ಕಾರ್ಖಾನೆಯೊಂದರ ಗೇಟಿನ ಮುಂದೆ ಕಾರ್ಮಿಕ ಸಂಘ ಕಟ್ಟಲು ಯತ್ನಿಸಿದ ಶಂಕೆಯ ಮೇಲೆ ಒಬ್ಬ ವ್ಯಕ್ತಿಯನ್ನು ಸೆಕ್ಯೂರಿಟಿಯವರು ತಡೆದು ಕೂರಿಸಿದರು. ಆ ವ್ಯಕ್ತಿ ನಾನು.

ಹಿನ್ನೆಲೆ ಇಷ್ಟು. ನನ್ನ ದೊಡ್ಡ ಮಗಳು ಮೇಘನಾ ನಗರದ ಹೆಸರುವಾಸಿ ಬಿಬಿಎಂ ಕಾಲೇಜಿಗೆ ಅರ್ಜಿ ಹಾಕುವವಳಿದ್ದಳು. ಸೀಟು ಕೆಲವೇ, ಅರ್ಜಿ ಸಾವಿರಾರು. ಕಡೆಯ ದಿನ ಸೋಮವಾರ. ‘ನೀವು ನಾಯಕತ್ವ ವಹಿಸಿದ ಒಂದು ಕೆಲಸವನ್ನು ವಿವರಿಸಿ’ ಎಂಬ ಕಾಲಂ ಖಾಲಿ ಇತ್ತು. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಖಾಲಿ ಕಾಲಂ ತುಂಬಿಸಿದವನಿಗೆ ಇದೊಂದು ಕಷ್ಟವೇ!

"ರೀ, ಅವಳ ಅರ್ಜಿ ಅವಳೇ ಬರ್ಕೊಳ್ಳಿ ಬಿಡ್ರೀ" ಎಂದಳು ಹೆಂಡತಿ ಸುಧಾ.

"ಬರೆಯೋದು ಅವಳೇ ಕಣೇ. ಬಲ ತುಂಬೋದು ನಾನು."

ಯೋಜನೆ ಸರಳವಾಗಿತ್ತು. ಶಿಫ್ಟ್ ಬಿಡುವ ಹೊತ್ತಿಗೆ ನೂರಾರು ಬೈಕುಗಳು ಹೊರಬರುತ್ತವೆ. ಮೇಘನಾ ಹೆಲ್ಮೆಟ್ ಬಗ್ಗೆ ಕರಪತ್ರ ಹಂಚುವುದು, ಪ್ರತಿಜ್ಞೆಗೆ ಸಹಿ ಹಾಕಿಸುವುದು, ಆ ಪಟ್ಟಿಯನ್ನು ಅರ್ಜಿಗೆ ಲಗತ್ತಿಸುವುದು. ಕರಪತ್ರ ನಾನೇ ಬರೆದೆ. ಶೀರ್ಷಿಕೆ ಓದುಗನನ್ನು ಹಿಡಿದು ನಿಲ್ಲಿಸಬೇಕು ಎಂಬುದು ನಮ್ಮ ವೃತ್ತಿಧರ್ಮ. ಹಾಗಾಗಿ ಮೇಲೆ ದಪ್ಪಕ್ಷರದಲ್ಲಿ ‘ನಿಮ್ಮ ಭವಿಷ್ಯ ನಿಮ್ಮ ಕೈಯಲ್ಲಿ! ಇಂದೇ ಹೆಸರು ಬರೆಸಿ!’ ಎಂದು ಹಾಕಿಸಿದೆ. ಹೆಲ್ಮೆಟ್ ಕೊನೆಯ ಪ್ಯಾರಾದಲ್ಲಿ ಬಂತು.

ಗೇಟಿನ ಎದುರು ಮೇಜು ಹಾಕಿದ ಐದೇ ನಿಮಿಷಕ್ಕೆ ಸಾಲು ನಿಂತಿತು! ಜನಜಾಗೃತಿ ಇಷ್ಟು ಬೇಗ ಆಗುತ್ತದೆಂದು ನಾನೂ ಎಣಿಸಿರಲಿಲ್ಲ. ಮೊದಲು ಬಂದ ಯುವಕ ಸಹಿ ಹಾಕಿ ಕೇಳಿದ: "ಸರ್, ಡ್ಯೂಟಿ ಎಷ್ಟ್ ತಾಸ್ರೀ? ರೂಮ್ ಕೊಡ್ತಾರೇನ್ರೀ?"

ಎರಡನೆಯವನು ಬಯೊಡೇಟಾ ಕೊಟ್ಟ. ಆ ರಸ್ತೆಯಲ್ಲಿ ಮೇಜು ಹಾಕಿ ಹೆಸರು ಬರೆದುಕೊಳ್ಳುವವರು ಎರಡೇ ಬಗೆಯವರು: ಬೇರೆ ಕಂಪನಿಗೆ ಆಳು ಹುಡುಕುವ ಏಜೆಂಟರು ಮತ್ತು ಯೂನಿಯನ್ನಿನವರು. ಕಾರ್ಮಿಕರು ನನ್ನನ್ನು ಮೊದಲನೆಯವರ ಗುಂಪಿಗೆ ಸೇರಿಸಿದ್ದರು. ಸೆಕ್ಯೂರಿಟಿ ಎರಡನೆಯವರ ಗುಂಪಿಗೆ.

ಸಹಿಗಳು ಅರವತ್ತಮೂರು ಮುಟ್ಟುವಷ್ಟರಲ್ಲಿ ಸೆಕ್ಯೂರಿಟಿಯವರು ನಮ್ಮನ್ನು ಒಳಗೆ ಕರೆದೊಯ್ದರು. ಎಚ್‌ಆರ್ ಮ್ಯಾನೇಜರ್ ಬಂದರು. "ಯಾವ ಯೂನಿಯನ್ ಸಾರ್ ನಿಮ್ದು?"

"ಯೂನಿಯನ್ ಅಲ್ಲ ಸಾರ್" ಎಂದು ನಾನು ಗಾಂಭೀರ್ಯದಿಂದ ಪ್ರೆಸ್ ಕಾರ್ಡ್ ತೆಗೆದೆ.

"ಅಯ್ಯೋ, ಪ್ರೆಸ್ಸಿನೋರೂ ಬಂದ್ಬಿಟ್ರಾ!" ಅವರು ಪೊಲೀಸರಿಗೆ ತಿಳಿಸಲು ಫೋನ್ ಎತ್ತಿಕೊಂಡರು.

ಅರ್ಜಿಯ ಇನ್ನೊಂದು ಕಾಲಂ ನೆನಪಾಯಿತು: ‘ನಿಮ್ಮ ಮೇಲೆ ಯಾವುದಾದರೂ ಪೊಲೀಸ್ ದೂರು ಇದೆಯೇ?’ ನಮ್ಮ ನಿರ್ದೋಷಿತ್ವಕ್ಕೆ ಸಾಕ್ಷಿಯಾಗಿ ಸಹಿಗಳ ಪಟ್ಟಿಯನ್ನೇ ಅವರ ಮುಂದೆ ಚಾಚಿದೆ. "ನೋಡಿ ಸಾರ್, ಅರವತ್ತಮೂರು ಜನ!"

ಮೇಘನಾ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅಪ್ಪ, ಕೆಲಸ ಬಿಡ್ಬೇಕು ಅಂತಿರೋರ ಹೆಸರೆಲ್ಲ ಅದ್ರಲ್ಲಿದೆ" ಎಂದು ಕಿವಿಯಲ್ಲಿ ಹೇಳಿದಳು. ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು. "ಸಾರ್, ಇದು ನನ್ನ ಕಾಲೇಜ್ ಅರ್ಜಿಗೋಸ್ಕರ. ಹೆಲ್ಮೆಟ್ ವಿಷ್ಯ. ಕೊನೇ ಪ್ಯಾರಾ ಓದಿ. ಹೆಡ್ಡಿಂಗ್ ಅಪ್ಪಂದು. ಸಾರಿ."

ಅವರು ಕೊನೆಯ ಪ್ಯಾರಾ ಓದಿದರು. ಫೋನ್ ಕೆಳಗಿಟ್ಟರು. ನನ್ನನ್ನು ಕನಿಕರದಿಂದ ನೋಡಿದರು. "ಸರಿ ಹೋಗಮ್ಮ. ಇವರನ್ನ ಹುಷಾರಾಗಿ ಕರ್ಕೊಂಡ್ ಹೋಗು."

ಗೇಟಿನ ಹೊರಗೆ ಅವಳು ಕುರ್ಚಿಯ ಮೇಲೆ ನಿಂತು, "ಅಣ್ಣಾ, ಇದು ಕೆಲಸದ್ದಲ್ಲ, ತಪ್ಪಾಗೋಯ್ತು" ಎಂದು ಕೂಗಿ ಹೇಳಿದಳು. ಬಯೊಡೇಟಾಗಳನ್ನು ಹೆಸರು ಕರೆದು ವಾಪಸು ಕೊಟ್ಟಳು. ಪಟ್ಟಿಯನ್ನು ಹರಿದಳು. ನಮ್ಮ ಏಕೈಕ ದಾಖಲೆ ಚೂರುಚೂರಾಯಿತು!

ನಾಯಕತ್ವದ ಕಾಲಂನಲ್ಲಿ ನಡೆದದ್ದನ್ನೇ ಬರೆದಳು. ತಿದ್ದಲು ನನಗೆ ಕೊಡಲಿಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆ, "ಪಟ್ಟಿ ಯಾಕೆ ಹರಿದೆ?" ಎರಡನೆಯದು, "ಅಪ್ಪ ಈಗ ಹೇಗಿದ್ದಾರೆ?"

ಜೂನ್‌ನಲ್ಲಿ ಸೀಟು ಸಿಕ್ಕಿತು. ಆ ದಿನ ನಾನು ಎರಡು ಹೊತ್ತೂ ಹೊಟ್ಟೆ ತುಂಬಾ ಉಂಡೆ.

ಚಿಕ್ಕ ಮಗಳು ಸಿಂಚನಾ ಈ ವರ್ಷ ಎರಡನೇ ಪಿಯುಸಿ ಮುಗಿಸಿದ್ದಾಳೆ. ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಾಳೆ. ಯಾವ ಕಾಲೇಜು ಎಂಬುದು ಇನ್ನೂ ನನಗೆ ತಿಳಿದುಬಂದಿಲ್ಲ.