ಕೊಡದ ಊರಿಗೆ ಸವಣೂರು ಖಾರ

ಕೆಲಸವೆಂದರೆ ನನಗೆ ಅಷ್ಟಕ್ಕಷ್ಟೇ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ನನ್ನನ್ನು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಭಾನುವಾರ ಊಟವಾದ ಮೇಲೆ ಜಮಖಾನೆಯ ಮೇಲೆ ಹಿಡಿದ ಜಾಗವನ್ನು ಸಂಜೆಯ ಚಹಾ ಬರುವವರೆಗೆ ನಾನು ಬಿಟ್ಟುಕೊಡುವವನಲ್ಲ. ಬಾಗಿಲು ಬಡಿದ ಸದ್ದಾದರೆ ಕಣ್ಣು ಮುಚ್ಚಿಕೊಂಡೇ "ಯಾರು ಬಂದಾರ ನೋಡು" ಎಂದು ಹೆಂಡತಿಗೆ ಹೇಳುವ ಅಭ್ಯಾಸವೂ ಉಂಟು. ಇಂಥವನಿಗೆ ದೇವರು ಕೊಟ್ಟ ನೌಕರಿ ನೋಡಿ: ಬೇರೆಯವರಿಗೆ ದುಡಿಯುವ ಮನಸ್ಸು ಯಾವುದರಿಂದ ಬರುತ್ತದೆ ಎಂದು ಪ್ರಯೋಗ ಮಾಡಿ ಕಂಡುಹಿಡಿಯುವುದು. ನೌಕರಿ ಸಿಕ್ಕಿತೆಂದು ಹೇಳಿದ ದಿನ ನನ್ನ ಹೆಂಡತಿ ಸುಧಾ ಒಗ್ಗರಣೆಯ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಊರಾಗ ಇಷ್ಟು ಮಂದಿ ಇದ್ದಾರ, ನಿಮಗ ಯಾಕ ಕೊಟ್ರು ಇದನ್ನ?" ಎಂದು ಕೇಳಿದಳು. ನನ್ನ ಅರ್ಹತೆಯ ಬಗ್ಗೆ ಅವಳಿಗಿರುವ ಅನುಮಾನ ನನಗೂ ಇತ್ತು.

ನಮ್ಮ ಆಫೀಸು ಹಾನಗಲ್ಲಿನಲ್ಲಿದೆ. ಸವಣೂರಿನಲ್ಲಿ ಬಸ್ಸು ಹತ್ತಿ, ಶಿಗ್ಗಾಂವಿಯಲ್ಲಿ ಇಳಿದು ಬದಲಿಸಿ, ಉಳಿದ ನಿದ್ದೆಯನ್ನು ಎರಡನೆಯ ಬಸ್ಸಿನಲ್ಲಿ ಪೂರೈಸಿ ಅಲ್ಲಿಗೆ ತಲುಪುತ್ತೇನೆ. ಅಂಗವಿಕಲರ ನಡುವೆ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಮಾಸಾಶನ ಪಡೆಯುವ ಎಷ್ಟೋ ಮಂದಿಯ ಕೈಯಲ್ಲಿ ಒಳ್ಳೆಯ ಕಸುಬಿದೆ. ಆದರೆ ದುಡಿಯುವುದು ಯಾರ ಕಣ್ಣಿಗಾದರೂ ಬಿದ್ದರೆ ಮಾಸಾಶನ ನಿಂತುಹೋದೀತು ಎಂಬ ಹೆದರಿಕೆ. ನಾನು ಮೊದಲ ಸಲ ಶಿಗ್ಗಾಂವಿ ಕಡೆಯ ಒಂದು ಹಳ್ಳಿಗೆ ಹೋದಾಗ, ಕಾಲಿನಲ್ಲಿ ಬಲವಿಲ್ಲದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಹೊರಸು, ಅಂದರೆ ಹಗ್ಗದ ಮಂಚ, ಹೆಣೆಯುತ್ತಿದ್ದರು. ಕೈ ಓಡುತ್ತಿದ್ದ ರೀತಿ ನೋಡಿದರೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಲ್ಲಬೇಕು ಅನ್ನಿಸುತ್ತಿತ್ತು. ನನ್ನ ಬಗಲಚೀಲ ಕಂಡದ್ದೇ ತಡ, ಗೋಡೆಗೆ ಒರಗಿ ನರಳಲು ಶುರುಮಾಡಿದರು. "ಹೊರಸು ಭಾಳ ಛಂದ ಹೆಣದೀರಿ" ಎಂದೆ. "ನಾ ಎಲ್ಲಿ ಹೆಣೀಲ್ರಿ, ಅದು ಮೊದ್ಲಿಂದ ಹಂಗ ಐತಿ" ಎಂದರು. ಮೊದಲಿನಿಂದ ಹಾಗೇ ಇದ್ದ ಹೊರಸಿನ ಹಗ್ಗದ ತುದಿ ಅವರ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರೂ ಮಳೆಯ ವಿಚಾರ ಮಾತಾಡಿದೆವು.

ಈ ಹೆದರಿಕೆ ಬಿಡಿಸಿ ಜನರನ್ನು ದುಡಿಮೆಗೆ ಹಚ್ಚುವ ಪ್ರಯೋಗ ರೂಪಿಸಲು ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ಬಹಳ ಓದಿದವರು, ನಗುವುದಕ್ಕೂ ಕಾರಣ ಬೇಕೆನ್ನುವಂಥವರು. ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಕೆಲವು ಊರುಗಳಲ್ಲಿ, ಕೆಲಸ ಹಿಡಿದವರಿಗೆ ಮಾಸಾಶನದ ಜೊತೆಗೆ ಪ್ರತಿ ತಿಂಗಳು ನಮ್ಮಿಂದಲೂ ಒಂದಿಷ್ಟು ಪ್ರೋತ್ಸಾಹಧನ. ಇನ್ನು ಕೆಲವು ಊರುಗಳಲ್ಲಿ ಏನೂ ಇಲ್ಲ. ತಿಂಗಳಿಗೊಮ್ಮೆ ಹೋಗಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿಕೊಂಡು ಬರುವುದಷ್ಟೇ. ಕೊನೆಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರೋತ್ಸಾಹಧನದ ಗುಣ ತಿಳಿಯುತ್ತದೆ. ಮಾಸಾಶನಕ್ಕೆ ಧಕ್ಕೆ ಬಾರದಂತೆ ಓಡಾಡುತ್ತೇವೆ ಎಂಬ ಭರವಸೆ ಮಾತ್ರ ಎಲ್ಲ ಊರಿಗೂ ಒಂದೇ. ಚೀಟಿ ಎತ್ತಿದೆವು. ಹುಲಗೂರಿನ ಸುತ್ತಲಿನ ಹಳ್ಳಿಗಳು ಕೊಡುವ ಊರುಗಳಾದವು, ಹಿರೇಕೆರೂರು ಕಡೆಯವು ಕೊಡದ ಊರುಗಳಾದವು. ಮೇಡಂ ಹೊರಡುವಾಗ ಕಾರಿನ ಕಿಟಕಿಯಿಂದ ಇನ್ನೊಮ್ಮೆ ಹೇಳಿದರು: "ನೋಡಿ, ಕೊಡದ ಊರಿನಲ್ಲಿ ಒಂದು ಪೆನ್ನು ಕೂಡ ಕೊಡಬಾರದು. ಕೊಟ್ಟವರನ್ನು ಈ ಕೆಲಸದಲ್ಲಿ ಇಟ್ಟುಕೊಳ್ಳೋದಿಲ್ಲ."

ಕೊಡುವುದನ್ನು ವಿವರಿಸುವುದು ಸುಲಭ. ಕೊಡದಿರುವುದನ್ನು ವಿವರಿಸಲು ನಾನು ಪಟ್ಟ ಪಾಡು ಯಾರಿಗೂ ಬೇಡ. ಕೊಡದ ಊರೊಂದರ ಗುಡಿಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ, ನಿಮಗೆ ಏನನ್ನೂ ಕೊಡದೆ ಇರುವುದರಿಂದ ನಾಡಿಗೆ ಎಂಥ ಉಪಕಾರವಾಗುತ್ತದೆ ಎಂದು ಬೆವರು ಒರೆಸಿಕೊಳ್ಳುತ್ತ ತಿಳಿಸಿ ಹೇಳಿದೆ. ಎಲ್ಲ ಕೇಳಿದ ಮೇಲೆ ಫಕ್ಕೀರವ್ವ ಬಾಯಿ ತೆಗೆದಳು. ಅವಳಿಗೆ ಕಣ್ಣು ಕಾಣುವುದಿಲ್ಲ, ನಾಲಿಗೆ ಮಾತ್ರ ಎರಡು ಓಣಿಯಾಚೆಗೂ ಮುಟ್ಟುತ್ತದೆ. "ಹಂಗಾರ ನೀವು ಕನ್ಯಾ ನೋಡಾಕ ಬಂದ ಮಂದಿ ಇದ್ದಂಗ ಆತ್ರಿ. ಎಲ್ಲಾ ಕೇಳ್ತಾರ, ಏನೂ ಹೇಳದ ಹೊಕ್ಕಾರ" ಎಂದಳು. ಜನ ನಕ್ಕರು. ನಾನೂ ನಕ್ಕೆ, ಯಾಕೆಂದರೆ ನಾನು ಹಾಗೆ ನೋಡಿ ಬಂದ ಮನೆಗಳೂ ಒಂದೆರಡಿದ್ದವು. ಆಮೇಲೆ ಅದೇ ಫಕ್ಕೀರವ್ವ ತನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಹೇಳಿ ನಮಗೆ ಚಹಾ ಮಾಡಿಸಿದಳು. ಕೊಡದ ಊರಿನಲ್ಲಿ ತೆಗೆದುಕೊಳ್ಳಬಾರದು ಎಂದು ಮೇಡಂ ಹೇಳಿರಲಿಲ್ಲವಾದ್ದರಿಂದ ಕುಡಿದೆ.

ತಿಂಗಳಿಗೊಮ್ಮೆ ಈ ಊರುಗಳಿಗೆ ಹೋಗಿ ಬರುವ ಕೆಲಸ ಗಿರಿಜೆಯದು. ಹಾನಗಲ್ಲಿನ ಹುಡುಗಿ. ಹುಟ್ಟಿನಿಂದ ಒಂದು ಕಾಲು ಸಣ್ಣದು. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂರಿಸಿದ ಸ್ಕೂಟರಿನ ಮೇಲೆ ಅವಳು ಅಕ್ಕಿಆಲೂರಿನ ಸಂತೆಯ ಗದ್ದಲದಲ್ಲಿ ನುಗ್ಗುವುದನ್ನು ನೋಡಿದರೆ ದಾರಿ ಬಿಡಬೇಕಾದವರು ನಾವೇ ಎಂದು ತಾನಾಗಿ ತಿಳಿಯುತ್ತದೆ. ಅವಳೂ ಮಾಸಾಶನ ಪಡೆಯುವವಳೇ. ಈ ನೌಕರಿಗೆ ಸೇರುವಾಗ ಅವಳ ಅವ್ವ ಮೂರು ಹೊತ್ತು ಜಗಳಾಡಿದ್ದಳು. "ಇದ್ದದ್ದೂ ಹೊಕ್ಕೈತಿ, ನೌಕರೀನೂ ಹೊಕ್ಕೈತಿ, ಆಮ್ಯಾಲೆ ನನ್ನ ಮುಂದ ಅಳಬ್ಯಾಡ" ಎಂದಿದ್ದಳಂತೆ. ಗಿರಿಜೆ ಅವ್ವನ ಮಾತು ಮೀರಿ ಬಂದವಳು. ನೌಕರಿ ಹೋದರೆ ಸಂಬಳ ಹೋಗುವುದು ಬೇರೆ, ಅವ್ವನ ಮಾತು ನಿಜವಾಯಿತಲ್ಲ ಎಂದು ಅವಳು ಮತ್ತೆ ಹೊಸ್ತಿಲು ದಾಟುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ನನಗೆ ದಿಗಿಲು ಶುರುವಾಯಿತು. ಕೊಡುವ ಊರುಗಳಲ್ಲಿ ಜನ ನಿಧಾನವಾಗಿ ಕೆಲಸ ಹಿಡಿಯುತ್ತಿದ್ದರು, ಅದು ಸರಿಯೇ. ಆದರೆ ಕೊಡದ ಊರುಗಳಲ್ಲಿ ಅವರಿಗಿಂತ ಹುರುಪಿನಿಂದ ಎದ್ದಿದ್ದರು. ಫಕ್ಕೀರವ್ವ ಹಿರೇಕೆರೂರಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಬಡಿಯುವುದು ಅವಳು, ಬೇಯಿಸುವುದು ನೆಗೆಣ್ಣಿ. ಏನೂ ಕೊಡದಿದ್ದರೆ ಜನ ಹೆಚ್ಚು ದುಡಿಯುತ್ತಾರೆ ಎಂದು ನಮ್ಮ ಪ್ರಯೋಗ ಸಾರಿ ಹೇಳುವಂತಿತ್ತು. ಇದು ಹೊರಗೆ ಗೊತ್ತಾದರೆ ನಾಳೆ ಯಾರೂ ಯಾರಿಗೂ ಏನೂ ಕೊಡುವುದಿಲ್ಲ ಎಂದು ಹೆದರಿ, ಗಿರಿಜೆಯನ್ನು ಕೂರಿಸಿಕೊಂಡು ಕೇಳಿದೆ.

"ಅಲ್ಲಿ ಹೋಗಿ ಏನು ಮಾಡ್ತಿ ನೀನು?"

"ಕೇಳ್ತೇನ್ರಿ, ಬರ್ಕೊಂತೇನ್ರಿ, ಬರ್ತೇನ್ರಿ."

"ಮತ್ತ?"

"ಮತ್ತೇನಿಲ್ರಿ. ಒಂದೀಟು ಖಾರ ತಿಂತೇವಿ."

"ಯಾವ ಖಾರ?"

"ಸವಣೂರು ಖಾರ ರೀ. ಹೋದಾಗೊಮ್ಮೆ ಒಯ್ತೇನಿ. ಬರಿಗೈಲೆ ಹೆಂಗ ಹೋಗೂದ್ರಿ ಸರ? ಹುಲಗೂರು ಕಡೆ ಹೋದ್ರ ಕೈಯಾಗ ಕೊಡಾಕ ಏನರ ಇರತೈತಿ. ಇವ್ರ ಮನಿಗೆ ಬರೇ ಕೈ ಬೀಸ್ಕೊಂತ ಹೋಗಿ, ಅವ್ರು ಮಾಡಿದ ಚಾ ಕುಡ್ದು ಬಂದ್ರ ನಮ್ಮವ್ವ ಬೈತಾಳ್ರಿ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಸವಣೂರು ಖಾರ ಎಂದರೆ ಚಹಾದ ಜೊತೆ ಮೆಲ್ಲುವ ನಮ್ಮೂರಿನ ಕುರುಕಲು ತಿಂಡಿ. ಕೊಡದ ಊರು ಎಂಬ ನಮ್ಮ ಕಟ್ಟಡದ ಬುಡಕ್ಕೇ ಖಾರ ಬಿದ್ದಿತ್ತು. ಹಿರಿಯರಿರುವ ಮನೆಗೆ, ಮೈಯಲ್ಲಿ ನೆಟ್ಟಗಿಲ್ಲದವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆ ಹಾಲು ಕುಡಿಯುವಾಗಲೇ ಕಲಿತುಬಿಡುವ ವಿಷಯ. ಬಾಳೆಹಣ್ಣೋ, ಬಿಸ್ಕೀಟೋ, ಏನೂ ಇಲ್ಲದಿದ್ದರೆ ಒಂದು ಲಿಂಬೆಹಣ್ಣಾದರೂ ಕೈಯಲ್ಲಿರಬೇಕು. ಬೆಂಗಳೂರಿನಲ್ಲಿ ಕೂತು ಪ್ರಯೋಗ ರೂಪಿಸಿದವರಿಗೆ ಇದು ಹೊಳೆಯಲಿಲ್ಲ ಎಂದರೆ ಕ್ಷಮಿಸಬಹುದು. ಸವಣೂರಿನಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬೇಕಾಗಿತ್ತು. ಗಿರಿಜೆಯನ್ನು ಬಯ್ದೆ. ಬಯ್ಯುವಾಗ, ಖಾರ ಯಾವ ಅಂಗಡಿಯದು ಎಂದು ಕೇಳಬೇಕೆನ್ನಿಸಿದ್ದನ್ನು ತಡೆದುಕೊಂಡೆ. ಅಷ್ಟರಲ್ಲಿ ಮೇಡಂ ಫೋನು ಬಂತು. ಕೊಡದ ಊರಿನ ವಿಚಿತ್ರವನ್ನು ಕಣ್ಣಾರೆ ನೋಡಬೇಕಂತೆ, ನಾಳೆಯೇ ಬರುತ್ತಾರಂತೆ. ಗಿರಿಜೆಯ ಮುಖ ಬಿಳುಚಿತು. "ನಾಳೆ ಖಾರ ಇಲ್ಲ. ಆ ಮಾತೂ ಇಲ್ಲ" ಎಂದೆ. ಅವಳು ತಲೆಯಾಡಿಸಿದಳು.

ಮರುದಿನ ಫಕ್ಕೀರವ್ವನ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಮೇಡಂ ಒಬ್ಬೊಬ್ಬರನ್ನೇ ಕೇಳಿದರು, ಜನ ಉತ್ತರ ಕೊಟ್ಟರು, ಚಹಾ ಬಂತು. ಚಹಾದ ಜೊತೆ ಮತ್ತೇನೋ ಬರಬೇಕು ಎಂಬಂತೆ ಎಲ್ಲರೂ ಗಿರಿಜೆಯ ಕಡೆ ನೋಡತೊಡಗಿದರು. ಫಕ್ಕೀರವ್ವ ನೋಡಲಾರದ್ದರಿಂದ ಬಾಯಿಬಿಟ್ಟೇ ಕೇಳಿದಳು: "ಗಿರಿಜವ್ವಾ, ಇವತ್ತು ಹಂಗ ಬಂದೀ ಏನ?" ಗಿರಿಜೆ ನೆಲ ನೋಡುತ್ತ ಕೂತಳು. ಉತ್ತರ ಬಾರದ್ದರಿಂದ ಮುದುಕಿಯ ಮುಖ ಸಣ್ಣದಾಯಿತು. ತಾನು ಕೇಳಬಾರದ್ದನ್ನು ಕೇಳಿದೆನೇನೋ ಎಂಬ ಸಂಕೋಚ ಅದು. ನನಗೆ ನಿಜವಾಗಿಯೂ ಸಂಕಟವಾಯಿತು. ಇಬ್ಬರು ಹೆಣ್ಣುಮಕ್ಕಳು, ಒಬ್ಬರಿಗಿಂತ ಒಬ್ಬರು ನೊಂದುಕೊಂಡು, ನಾನು ಹೇಳಿದ ಒಂದು ಮಾತಿಗಾಗಿ ಸುಮ್ಮನೆ ಕೂತಿದ್ದರು.

ಆಗ ನನ್ನ ಕೈ ತಾನಾಗಿ ಬಗಲಚೀಲದೊಳಗೆ ಹೋಯಿತು. ಬೆಳಿಗ್ಗೆ ಹೊರಡುವಾಗ, ಮೇಡಂ ಬೆಂಗಳೂರಿಗೆ ಒಯ್ಯಲಿ ಎಂದು ದೊಡ್ಡ ಪೊಟ್ಟಣ ಖಾರ ಕಟ್ಟಿಸಿಕೊಂಡಿದ್ದೆ. ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅದನ್ನು ಒಡೆದು ಫಕ್ಕೀರವ್ವನ ಬೊಗಸೆಗೆ ಸುರಿದೆ. ಪಡಸಾಲೆಯಲ್ಲಿ ಮಾತು ಒಮ್ಮೆಲೇ ಚಿಗುರಿತು. ಮೇಡಂ ಹುಬ್ಬು ಗಂಟಿಕ್ಕಿ "ಇದೇನಿದು?" ಎಂದರು. "ಖಾರ ಮೇಡಂ. ಇಲ್ಲಿಗೆ ಖಾರ ತರೋದು ನನ್ನ ಆಫೀಸಿನ ಪದ್ಧತಿ. ತಪ್ಪಿದ್ದರೆ ನನ್ನದು" ಎಂದುಬಿಟ್ಟೆ. ಗಿರಿಜೆ ತಲೆಯೆತ್ತಿ ನನ್ನನ್ನು ನೋಡಿದಳು.

"ಖಾರದ ಆಸೆಗೆ ಇವರೆಲ್ಲ ಕೆಲಸಕ್ಕೆ ಹೋದರಾ?" ಎಂದು ಮೇಡಂ ಕೇಳಿದರು.

ಫಕ್ಕೀರವ್ವ ಬಾಯಲ್ಲಿದ್ದುದನ್ನು ನುಂಗಿ ಹೇಳಿದಳು: "ಖಾರ ತಿಂದು ಯಾರರ ಕೆಲಸಕ್ಕ ಹೋಗ್ತಾರೇನ್ರಿ ಅಕ್ಕಾರ? ತಿನ್ನೂತನ ಈಕಿ ನಮ್ಮ ಸಂಗಾಟ ಕುಂತಿರ್ತಾಳ್ರಿ. ನೌಕರಿ ಮಾಡಾಕತ್ತೀಯಲ್ಲ, ನಿನ್ನ ಪಗಾರ ನಿಂತಿಲ್ಲೇನಬೇ ಅಂತ ಪ್ರತಿ ಸಲ ಕೇಳ್ತಿದ್ದೆ. ಇಲ್ಲಬೇ ಯವ್ವಾ, ಬರಾಕತ್ತೈತಿ ಅಂತಿದ್ಲು. ಮುಂದಿನ ಸಲಾನೂ ಹಂಗ ಅಂದ್ಲು. ಆಮ್ಯಾಲೆ ನಾ ಹಿಟ್ಟಿಗೆ ಕೈ ಹಚ್ಚಿದೆ." ನಮ್ಮ ಕಡೆ ಮಾಸಾಶನವನ್ನೂ ಪಗಾರ ಎಂದೇ ಕರೆಯುತ್ತಾರೆ, ನಾನು ಮೇಡಂಗೆ ಬಿಡಿಸಿ ಹೇಳಿದೆ. ಹುಲಗೂರು ಕಡೆ ಗಿರಿಜೆ ದುಡ್ಡು ಕೊಟ್ಟು, ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಓಡುತ್ತಿದ್ದಳು. ಅಲ್ಲಿ ಕೂರಲು ಪುರುಸೊತ್ತು ಎಲ್ಲಿ? ನಾವು ಊರೂರು ತಿರುಗಿ ಕೊಟ್ಟ ಭರವಸೆಯನ್ನು ಯಾರೂ ನಂಬಿರಲಿಲ್ಲ. ಎದುರಿಗೆ ಕೂತು ಖಾರ ತಿನ್ನುತ್ತಿದ್ದ ಗಿರಿಜೆಯನ್ನು ನಂಬಿದ್ದರು.

ಮೇಡಂ ಯೋಚಿಸುತ್ತ ಒಂದು ಹಿಡಿ ಖಾರ ಬಾಯಿಗೆ ಹಾಕಿಕೊಂಡರು, ಆಮೇಲೆ ಇನ್ನೊಂದು. ಅವರು ಕಾರಣವಿಲ್ಲದೆ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. "ಗಿರಿಜಾ ಕೆಲಸದಲ್ಲೇ ಇರಲಿ, ಇವರಿಲ್ಲದೆ ಈ ಪ್ರಯೋಗ ಮುಂದುವರಿಯೋದಿಲ್ಲ" ಎಂದರು. "ಆದರೆ ಆದದ್ದನ್ನು ಆದ ಹಾಗೇ ಬರೆಯೋಣ. ಇನ್ನು ಮೇಲೆ ಎರಡೂ ಕಡೆಗೆ ಖಾರ ಕೊಡಬೇಕು, ಎರಡೂ ಕಡೆ ಅಷ್ಟೇ ಹೊತ್ತು ಕೂರಬೇಕು. ಆಗ ಪ್ರೋತ್ಸಾಹಧನದ ವ್ಯತ್ಯಾಸ ಮಾತ್ರ ಉಳಿಯುತ್ತೆ." ನಾನು ಸಂತೋಷದಿಂದ ತಲೆದೂಗಿದೆ. "ಖಾರ ತರೋದು ನಿಮ್ಮದೇ ಪದ್ಧತಿ ಅಂದಿರಲ್ಲ, ಹಾಗಾದರೆ ಪ್ರತಿ ಊರಿಗೂ ನೀವೇ ಹೊತ್ತು ತನ್ನಿ" ಎಂದು ಅವರು ಸೇರಿಸಿದಾಗ ತೂಗುತ್ತಿದ್ದ ತಲೆ ನಡುವೆಯೇ ನಿಂತಿತು.

ಹೀಗೆ, ಯಾವ ಪ್ರೋತ್ಸಾಹಧನವೂ ಇಲ್ಲದೆ ನನ್ನ ಕೆಲಸ ಇಮ್ಮಡಿಯಾಯಿತು. ಚೀಲ ಹೊತ್ತು ಬಸ್ಸು ಹತ್ತುತ್ತೇನೆ, ಊರೂರಲ್ಲಿ ಕೂತು ಮಾತಾಡುತ್ತೇನೆ, ಹೊಟ್ಟೆ ತುಂಬ ತಿನ್ನುತ್ತೇನೆ. ಹೊರಸಿನ ಹಿರಿಯರು ಈಗ ನನ್ನ ಎದುರಿಗೇ ಹೆಣೆಯುತ್ತಾರೆ. ಗಿರಿಜೆಯ ಅವ್ವ ಒಮ್ಮೆ ಆಫೀಸಿಗೆ ಬಂದು, ಮಗಳ ಖುರ್ಚಿ ಗಟ್ಟಿ ಇದೆಯೇ ಎಂದು ಅಲುಗಾಡಿಸಿ ನೋಡಿ ಹೋದಳು. ಸುಳ್ಳು ಹೇಳಲಾರೆ, ಈ ಕೆಲಸ ನನಗೆ ಇಷ್ಟವಾಗತೊಡಗಿದೆ.

ಮೊನ್ನೆ ಸಂಜೆ ಮನೆಗೆ ಬಂದು ಜಮಖಾನೆಯ ಮೇಲೆ ಕಾಲು ಚಾಚಿ, ಸುಧಾಳಿಗೆ ಈ ಕಥೆಯನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳು ಕೇಳಿ, "ಹಂಗಾದ್ರ ನಮ್ಮನಿ ಯಾವ ಊರ್ರೀ? ಕೊಡೋದೋ, ಕೊಡದ್ದೋ?" ಎಂದಳು. ಚಹಾ ಆತೇನು, ಕನ್ನಡಕ ಎಲ್ಲದ, ಯಾರು ಬಂದಾರ ನೋಡು ಎಂದು ಲಗ್ನವಾದಾಗಿನಿಂದ ನಾನು ಅವಳನ್ನು ಕೇಳುತ್ತಲೇ ಬಂದಿದ್ದೇನೆ, ಕೊಟ್ಟ ನೆನಪು ಮಾತ್ರ ಸುಲಭವಾಗಿ ಆಗಲಿಲ್ಲ. ಲಗುಬಗೆಯಿಂದ ಎದ್ದು, ಚೀಲದಲ್ಲಿ ಉಳಿದಿದ್ದ ಕೊನೆಯ ಖಾರದ ಪೊಟ್ಟಣ ತೆಗೆದು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಲ್ರೀ, ಇದು ಒಡದದ, ಅರ್ಧ ಖಾಲಿ ಅದ."

"ಅದು ಮೊದ್ಲಿಂದ ಹಂಗ ಅದ" ಎಂದೆ.

ಅವಳು ನನ್ನ ಅಂಗಿಯ ಮೇಲೆ ಅಂಟಿದ್ದ ಖಾರದ ಚೂರುಗಳನ್ನು ಸೆರಗಿನಿಂದ ಝಾಡಿಸಿ ಒಳಗೆ ಹೋದಳು.